ಗಡಿಯೂರುಗಳ ದುಂಡಕ್ಷರ

“ಮಾಮಾ, ದನಲಕ್ಷ್ಮಿ ಅಂದ್ರ ಯಾವ ದೇವ್ರು? ಎಮ್ಮಿ ಕಾಯೂ ದೇವ್ರೇನು?”

ಎರಡು ವರ್ಷಗಳ ಹಿಂದೆ ದೀಪಾವಳಿಗೆಂದು ರಾಯಬಾಗ ತಾಲೂಕಿನ ಹಳ್ಳಿಯೊಂದರಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಚೀಲ ಕೆಳಗಿಡುವುದರೊಳಗಾಗಿ, ಮೂರನೆಯ ಇಯತ್ತೆಯಲ್ಲಿ ಓದುತ್ತಿದ್ದ ಸೋದರಸೊಸೆ ನನ್ನ ಕೈಹಿಡಿದು ಎಳೆದೊಯ್ದು ಭಾವನವರ ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸಿ ಈ ಪ್ರಶ್ನೆ ಹಾಕಿದಳು. ಲಕ್ಷ್ಮೀಪೂಜೆಯ ಸಲುವಾಗಿ ಅಂಗಡಿಗೆ ಹೊಸ ಫಲಕ ಬಂದಿತ್ತು. ಹಳದಿಯ ನೆಲ, ಕುಂಕುಮಗೆಂಪಿನ ದಪ್ಪ ಅಕ್ಷರ, ಅಕ್ಷರದ ಸುತ್ತಲೂ ಬಿಳಿಯ ಅಂಚು. ಬೆಲ್ಲದ ಪೆಂಟೆಗಳನ್ನು ಸಾಲಾಗಿ ಜೋಡಿಸಿಟ್ಟಂತೆ ಗುಂಡಗೆ, ತುಂಬಿಕೊಂಡು, ಕಣ್ಣಿಗೆ ಮುದ್ದಾಗಿ ಕಾಣುತ್ತಿದ್ದವು.

ಗಲ್ಲೆಯ ಮೇಲೆ ಕುಳಿತಿದ್ದ ಭಾವನವರು ನಕ್ಕು, “ಹುಚ್ಚಿ, ಅದು ದನ ಅಲ್ಲ, ಧನ. ಬರೋಬ್ಬರಿ ಓದು,” ಎಂದರು.

“ನೀವ ಹೊರಗ ಬಂದ ಓದ್ರಿ ಅಪ್ಪಾ,” ಎಂದಳು ಹುಡುಗಿ.

ಭಾವನವರು ಹೊರಗೆ ಬಂದು ಕತ್ತೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ನೆರೆಮನೆಯ ಮರಾಠಿ ಹುಡುಗಿ, ಇವಳ ಜೊತೆಗಾತಿ, ಫಲಕದ ಕೆಳಸಾಲಿನಲ್ಲಿ ದೇವನಾಗರಿಯಲ್ಲಿದ್ದ ಅದೇ ಹೆಸರನ್ನು ಬೆರಳು ತೋರಿಸುತ್ತ ಓದಿದಳು. ಅವಳ ಬಾಯಲ್ಲಿ ಅದು ತುಂಬು ಮಹಾಪ್ರಾಣದ ‘ಧನಲಕ್ಷ್ಮೀ’ ಆಗಿಯೇ ಬಂದಿತು.

ಇಬ್ಬರು ಹುಡುಗಿಯರೂ ಕಣ್ಣಿಗೆ ಕಂಡದ್ದನ್ನೇ ಓದಿದ್ದರು. ತಪ್ಪಿದ್ದುದು ಫಲಕದಲ್ಲಿ. ಕನ್ನಡದ ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಭೇದವೆಲ್ಲ ಬುಡದ ಒಂದು ಪುಟ್ಟ ಗುರುತಿನಲ್ಲಿದೆ. ಕೆಲವು ಬರವಣಿಗೆಗಳಲ್ಲಿ ಅದು ಬುಡವನ್ನು ಸೀಳುತ್ತದೆ, ಕೆಲವುಗಳಲ್ಲಿ ಚಿಕ್ಕ ಗೂಟದಂತೆ ಕೆಳಗಿಳಿಯುತ್ತದೆ. ‘ಹೊಟ್ಟೆ ಸೀಳು’ ಎಂದು ಮಾಸ್ತರರು ಹೇಳಿಕೊಡುವುದು ಇದನ್ನೇ. ದೇವನಾಗರಿಯಲ್ಲಿ ಹಾಗಲ್ಲ, ಅಲ್ಲಿ ‘ದ’ದ ರೂಪವೇ ಬೇರೆ, ‘ಧ’ದ ರೂಪವೇ ಬೇರೆ. ಎಷ್ಟು ದಪ್ಪ ಮಾಡಿದರೂ ಒಂದು ಇನ್ನೊಂದಾಗುವುದಿಲ್ಲ. ನಮ್ಮ ಅಕ್ಷರ ಮಾತ್ರ ಮೈ ತುಂಬಿಕೊಂಡಿತೆಂದರೆ ಮೊದಲು ಮುಚ್ಚಿಹೋಗುವುದು ಆ ಸೀಳು. ಅದರ ಮೇಲೆ ಬಿಳಿಯ ಅಂಚು ಬೇರೆ ಹಾಕಿದ್ದರಿಂದ ಸೀಳಿನ ಸುಳಿವೂ ಉಳಿದಿರಲಿಲ್ಲ.

ಈ ಸಣ್ಣ ಪ್ರಸಂಗದಿಂದಾಗಿ, ಅದುವರೆಗೆ ನಾನು ಗಮನಿಸದೇ ಇದ್ದ ಒಂದು ವಸ್ತುವಿನ ಬೆನ್ನು ಹತ್ತಿದೆ. ಐಸ್‌ಕ್ರೀಮಿನ ಗಾಡಿ, ಅಂಗನವಾಡಿಯ ಗೋಡೆ, ಮಿಠಾಯಿಯ ಡಬ್ಬಿ, ಮಕ್ಕಳ ಪುಸ್ತಕದ ಹೊದಿಕೆ, ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು, ಇವೆಲ್ಲವುಗಳ ಮೇಲೂ ಇಂದು ಕಾಣುವ ಈ ಗುಂಡು, ದಡೂತಿ, ನಗುಮೊಗದ ಅಕ್ಷರ ಎಲ್ಲಿಂದ ಬಂದಿತು? ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂಥ ಎರಡು ಲಿಪಿಯ ಊರುಗಳಲ್ಲಿ ಈ ಪ್ರಶ್ನೆಗೆ ಇರುವ ತೂಕ ಬೆಂಗಳೂರಿನಲ್ಲಿ ಇಲ್ಲವೆಂದೇ ನನ್ನ ತಿಳಿವಳಿಕೆ.

ಕರಡಿಯ ಹೆಸರಿನ ಅಣ್ಣತಮ್ಮಂದಿರು

ಓದುವ ಅಕ್ಷರ ಬೇರೆ, ತೋರುವ ಅಕ್ಷರ ಬೇರೆ. ವಾಚಕರು ಈಗ ಓದುತ್ತಿರುವ ಈ ಸಾಲುಗಳ ಅಕ್ಷರ ತಾನು ಇದ್ದೇನೆಂದು ತೋರಿಸಿಕೊಳ್ಳಬಾರದು. ಕಣ್ಣು ಅದರ ಮೇಲೆ ಹಾಯ್ದು ಅರ್ಥಕ್ಕೆ ಹೋಗಬೇಕು. ತೋರುವ ಅಕ್ಷರದ ಧರ್ಮ ಇದಕ್ಕೆ ವಿರುದ್ಧವಾದದ್ದು. ದಾರಿಹೋಕನನ್ನು ಅದು ಕೂಗಿ ಕರೆಯಬೇಕು. ಪಶ್ಚಿಮದಲ್ಲಿ ಇಂಥ ದುಂಡು ದಡೂತಿ ಅಕ್ಷರಗಳಿಗೆ ಹಿರಿಯಣ್ಣನೆನಿಸಿದ್ದು ‘ಕೂಪರ್ ಬ್ಲ್ಯಾಕ್’. ಶಿಕಾಗೋ ನಗರದ ಆಸ್ವಾಲ್ಡ್ ಕೂಪರ್ ಎಂಬಾತ ಬರೆದ ಆ ಅಕ್ಷರ 1922ರಲ್ಲಿ ಹೊರಬಂದಿತು. ನೂರು ವರ್ಷ ದಾಟಿದರೂ ಅದಕ್ಕೆ ಮುಪ್ಪು ಬಂದಿಲ್ಲ. ಇಂಗ್ಲೆಂಡಿನ ಒಂದು ವಿಮಾನ ಕಂಪನಿ ತನ್ನ ವಿಮಾನಗಳ ಮೈಮೇಲೆ ಅದರಲ್ಲಿಯೇ ಹೆಸರು ಬರೆಸಿಕೊಂಡಿದೆ.

ನಮ್ಮ ದೇಶದ ಲಿಪಿಗಳಿಗೆ ಇಂಥ ಭಾಗ್ಯ ತಡವಾಗಿ ಬಂದಿತು. ಮುಂಬಯಿಯ ‘ಏಕ್ ಟೈಪ್’ ಎಂಬ ಅಕ್ಷರಶಿಲ್ಪಿಗಳ ಬಳಗ ಮೊದಲು ದೇವನಾಗರಿಗಾಗಿ ‘ಮೋದಕ’ ಎಂಬ ಅಕ್ಷರವನ್ನು ರಚಿಸಿತು. ಹೆಸರಿಗೆ ತಕ್ಕಂತೆ ಗಣಪತಿಯ ಹೊಟ್ಟೆಯಷ್ಟು ತುಂಬಿಕೊಂಡ ಅಕ್ಷರವದು. ಒಳಗಿನ ಬಯಲೆಲ್ಲ ಬರಿಯ ಗೆರೆಯಷ್ಟೇ ಉಳಿದಿದೆ. ಅದೇ ಬಳಗ 2016ರಲ್ಲಿ ‘ಬಾಲೂ’ ಎಂಬ ಇನ್ನೊಂದು ಅಕ್ಷರಕುಟುಂಬವನ್ನು ಹೊರತಂದಿತು. ಕಿಪ್ಲಿಂಗನ ‘ಜಂಗಲ್ ಬುಕ್’ ಓದಿದವರಿಗೆ, ಸಿನಿಮಾ ನೋಡಿದ ಅವರ ಮಕ್ಕಳಿಗೆ, ಬಾಲೂ ಯಾರೆಂದು ಹೇಳಬೇಕಾಗಿಲ್ಲ. ತೋಳನ ಮರಿಗಳಿಗೆ ಕಾಡಿನ ಪಾಠ ಹೇಳುವ ಮಾಸ್ತರ ಕರಡಿ ಅದು. ಈ ಅಕ್ಷರದಲ್ಲಿಯೂ ಕರಡಿಯ ಗುಣವಿದೆ: ಮೈ ಭಾರ, ನಡಿಗೆ ಹಗುರ. ಎಲ್ಲಿಯೂ ಮೊನೆಯಿಲ್ಲ, ಚೂಪಿಲ್ಲ. ಗೆರೆಗಳ ತುದಿಗಳೆಲ್ಲ ಕರಡಿಯ ಪಂಜದಂತೆ ದುಂಡಗೆ ಮುಗಿಯುತ್ತವೆ.

ಇಲ್ಲೊಂದು ವಿನೋದವಿದೆ. ಕರಡಿಗೆ ಹಿಂದಿಯಲ್ಲಿ ‘ಭಾಲೂ’ ಎನ್ನುವರು. ಇಂಗ್ಲಿಷಿಗೆ ಹೋಗುವಾಗ ದಾರಿಯಲ್ಲಿ ಮಹಾಪ್ರಾಣವನ್ನು ಕಳೆದುಕೊಂಡು ಅದು ‘ಬಾಲೂ’ ಆಯಿತು. ಭಾವನವರ ಲಕ್ಷ್ಮಿಗೆ ಆದ ಗತಿಯೇ ಕರಡಿಗೂ ಆಗಿದೆ!

ದೇವನಾಗರಿಯ ಬಾಲೂವನ್ನು ರೂಪಿಸಿದವರು ಸಾರಂಗ ಕುಲಕರ್ಣಿ. ಅದರ ಜೊತೆಗೇ ಇತರ ಲಿಪಿಗಳಲ್ಲಿಯೂ ಒಡಹುಟ್ಟಿದವರು ಬಂದರು. ಅವರ ಹೆಸರುಗಳನ್ನು ಕೇಳಿದರೆ ಮನೆಮಂದಿಯೆಲ್ಲ ನಗುವರು. ಗುಜರಾತಿಗೆ ‘ಬಾಲೂ ಭಾಯಿ’, ಬಂಗಾಳಿಗೆ ‘ಬಾಲೂ ದಾ’, ಪಂಜಾಬಿಗೆ ‘ಬಾಲೂ ಪಾಜೀ’, ತಮಿಳಿಗೆ ‘ಬಾಲೂ ತಂಬಿ’, ತೆಲುಗಿಗೆ ‘ಬಾಲೂ ತಮ್ಮುಡು’, ಮಲಯಾಳಕ್ಕೆ ‘ಬಾಲೂ ಚೇಟ್ಟನ್’, ಒಡಿಯಾಕ್ಕೆ ‘ಬಾಲೂ ಭಾಯಿನಾ’, ಉರ್ದುವಿಗೆ ‘ಬಾಲೂ ಭಾಯಿಜಾನ್’. ನಮ್ಮ ಪಾಲಿಗೆ ಬಂದವನು ‘ಬಾಲೂ ತಮ್ಮ’. ಅವನನ್ನು ಬರೆದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ಗಡಿಸೀಮೆಯ ಬಸ್ಸಿನಲ್ಲಿ ಹತ್ತಿದವರಿಗೆ ‘ತಮ್ಮಾ, ಹಿಂದ ಸರಿ’ ಎಂಬ ಕಂಡಕ್ಟರನ ಮಾತು ಕಿವಿಯಲ್ಲಿರುತ್ತದೆ. ಅಪರಿಚಿತನನ್ನು ಒಂದೇ ಶಬ್ದದಲ್ಲಿ ಮನೆಯವನನ್ನಾಗಿ ಮಾಡುವ ಆ ಸಂಬೋಧನೆ ಅಕ್ಷರಕ್ಕೆ ಹೆಸರಾದದ್ದು ನನಗಂತೂ ಬಹಳ ಹಿಡಿಸಿತು.

ಹೆಸರಿನ ತಮಾಷೆಗಿಂತ ದೊಡ್ಡದಾದ ಮಾತು ಇನ್ನೊಂದಿದೆ. ಈ ಅಣ್ಣತಮ್ಮಂದಿರ ಮೈಕಟ್ಟು ಒಂದೇ. ಗೆರೆಯ ದಪ್ಪ, ತುದಿಯ ದುಂಡು, ಸಾಲಿನ ಮೇಲೆ ಬೀಳುವ ಕಪ್ಪು, ಎಲ್ಲವನ್ನೂ ಪರಸ್ಪರ ಹೊಂದುವಂತೆ ಬರೆದಿದ್ದಾರೆ. ಕನ್ನಡವನ್ನು ದೇವನಾಗರಿಯ ಅಂಗಿಗೆ ಹೊಲಿಯಲಿಲ್ಲ. ದೇವನಾಗರಿಯ ತಲೆಗೆರೆಯನ್ನು ಅಳಿಸಲಿಲ್ಲ. ಇಬ್ಬರೂ ತಂತಮ್ಮ ಮನೆಯ ಉಡುಪಿನಲ್ಲಿಯೇ ಇದ್ದು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಂತಿದೆ. ಮೊದಲು ಒಂದೇ ದಪ್ಪದಲ್ಲಿ ದೊರೆಯುತ್ತಿದ್ದ ಈ ಅಕ್ಷರ ‘ಬಾಲೂ 2’ ಎಂಬ ಹೊಸ ಆವೃತ್ತಿಯಲ್ಲಿ ಸಾಧಾರಣದಿಂದ ಅತಿದಪ್ಪದವರೆಗೆ ಐದು ಮೈಕಟ್ಟುಗಳಲ್ಲಿ ಬಂದಿತು. ಮುಕ್ತ ಪರವಾನಗಿಯಡಿ ಇರುವುದರಿಂದ ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು. ಭಾವನವರ ಫಲಕದಲ್ಲಿದ್ದುದು ಈ ಅಕ್ಷರವಲ್ಲ, ಬೇರೊಂದು. ಅದನ್ನು ಇಲ್ಲಿಯೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು.

ಐದು ಊರುಗಳ ಪರೀಕ್ಷೆ

ಕನ್ನಡದಲ್ಲಿ ದುಂಡಕ್ಷರವೆಂಬುದು ಹೊಸದೇನಲ್ಲ. ನಮ್ಮ ಲಿಪಿಯೇ ದುಂಡು. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಬರೆಯುವಾಗ ಗರಿಯ ನಾರಿನುದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ಆದುದರಿಂದ ದಕ್ಷಿಣದ ಲಿಪಿಗಳು ಬಳುಕಿ ದುಂಡಾದವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಗಿದ್ದಮೇಲೆ ದುಂಡು ದಪ್ಪ ಅಕ್ಷರ ಕನ್ನಡಕ್ಕೆ ಸಲೀಸಾಗಿ ಒಗ್ಗಬೇಕಲ್ಲವೇ? ಅರ್ಧ ನಿಜ. ದುಂಡು ಒಗ್ಗುತ್ತದೆ, ದಪ್ಪ ಒಗ್ಗುವುದಿಲ್ಲ. ಗುಂಡಗಿರುವ ಅಕ್ಷರದ ಜೀವವಿರುವುದು ಅದರ ಹೊಟ್ಟೆಯೊಳಗಿನ ಬಯಲಿನಲ್ಲಿ; ದಪ್ಪ ಮೊದಲು ತಿನ್ನುವುದು ಆ ಬಯಲನ್ನೇ.

ಇದನ್ನು ನೋಡಲು ಶಾಸ್ತ್ರಗ್ರಂಥ ಬೇಕಿಲ್ಲ, ಈ ಸೀಮೆಯ ಬಸ್ಸುಗಳ ಹಣೆಯ ಮೇಲಿನ ಐದು ಹೆಸರುಗಳು ಸಾಕು.

‘ರಾಯಬಾಗ’ ಎಲ್ಲಕ್ಕಿಂತ ಸುಲಭ. ಒಂದೂ ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ರ, ಯ, ಬ, ಗ ನಾಲ್ಕೂ ಸಾಲಿನ ಮೇಲೆ ಚೆನ್ನಾಗಿ ಕೂರುತ್ತವೆ. ಎಷ್ಟು ದಪ್ಪ ಮಾಡಿದರೂ ದೂರದಿಂದ ಓದಲು ಬರುತ್ತದೆ. ‘ಕಾಗವಾಡ’ವೂ ಹಾಗೆಯೇ. ‘ನಿಪ್ಪಾಣಿ’ಗೆ ಬಂದರೆ ತೊಡಕು ಪ್ರಾರಂಭ. ‘ಪ’ದ ಕೆಳಗೆ ಇನ್ನೊಂದು ‘ಪ’ ಜೋತುಬಿದ್ದಿದೆ. ಮರಾಠಿಯವರು ಈ ಊರನ್ನು ಒತ್ತಿಲ್ಲದೆ ‘ನಿಪಾಣಿ’ ಎಂದೇ ಬರೆಯುವುದರಿಂದ ಅವರ ಸಾಲಿಗೆ ಒಂದೇ ಅಂತಸ್ತು ಸಾಕು, ನಮ್ಮ ಸಾಲಿಗೆ ಎರಡು ಬೇಕು. ‘ಚಿಕ್ಕೋಡಿ’ಯದು ದೊಡ್ಡ ಸಂಸಾರ. ‘ಕ್ಕೋ’ ಎಂಬ ಒಂದೇ ಅಕ್ಷರಕ್ಕೆ ತಲೆಯ ಮೇಲೊಬ್ಬ, ಬಲಗಡೆಗೊಬ್ಬ, ಅವನಾಚೆ ದೀರ್ಘವೆಂಬ ಮತ್ತೊಬ್ಬ, ಕಾಲಕೆಳಗೆ ಒತ್ತು; ದಿಕ್ಕುದಿಕ್ಕಿಗೆ ನೆಂಟರು. ಎಲ್ಲರೂ ದಪ್ಪಗಾದರೆ ಮನೆಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಕ್ಷರಶಿಲ್ಪಿ ಇಲ್ಲಿ ಒತ್ತನ್ನು ತೆಳ್ಳಗೆ ಮಾಡಿ, ಆದರೆ ತೆಳ್ಳಗಾದದ್ದು ಕಣ್ಣಿಗೆ ತಿಳಿಯದಂತೆ ಮಾಡಿ ಪಾರಾಗಬೇಕು.

ಕಠಿಣವಾದ ಪರೀಕ್ಷೆ ‘ಅಥಣಿ’ಯದು. ‘ಥ’ಕಾರದಲ್ಲಿ ಬುಡಕ್ಕೆ ಸೀಳೂ ಉಂಟು, ಹೊಟ್ಟೆಯೊಳಗೆ ಚುಕ್ಕೆಯೂ ಉಂಟು. ಚುಕ್ಕೆ ಮುಳುಗಿದರೆ ‘ಅಧಣಿ’, ಸೀಳೂ ಮುಚ್ಚಿದರೆ ‘ಅದಣಿ’. ದಪ್ಪಕ್ಷರದ ಯೋಗ್ಯತೆಯನ್ನು ತಿಳಿಯಬೇಕೆಂದಿರುವವರು ಬೇರೇನನ್ನೂ ನೋಡದೆ ಅದರಲ್ಲಿ ಈ ಮೂರಕ್ಷರದ ಊರನ್ನು ಬರೆಯಿಸಿ, ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಓದಬೇಕು.

ದೇವನಾಗರಿಯವರಿಗೆ ಇಂಥ ಗೋಳೇ ಇಲ್ಲವೆಂದಲ್ಲ. ಅಲ್ಲಿ ‘ಧ’ಕ್ಕೂ ‘ಘ’ಕ್ಕೂ, ‘ಭ’ಕ್ಕೂ ‘ಮ’ಕ್ಕೂ ಇರುವ ಅಂತರದಲ್ಲಿ ತಲೆಗೆರೆ ಮುರಿದಿದೆಯೋ ಇಲ್ಲವೋ ಎಂಬುದೇ ಮುಖ್ಯ. ಆ ಬಿರುಕು ತುಂಬಿಹೋದರೆ ಅವರ ಮಕ್ಕಳೂ ಕಣ್ಣು ಕಿರಿದು ಮಾಡಬೇಕಾಗುವುದು. ನಮ್ಮ ಕಷ್ಟ ಕಾಲಿನಲ್ಲಿ, ಅವರ ಕಷ್ಟ ತಲೆಯಲ್ಲಿ.

ಫಲಕ ಬರೆಯಿಸುವವರಿಗೆ ಒಂದು ಕಿವಿಮಾತು ಹೇಳುವ ಆಸೆಯಾಗುತ್ತಿದೆ. ‘ಅಂಗಡಿ’ ಎಂಬ ಶಬ್ದವನ್ನು ನೋಡಿ: ಒತ್ತಿಲ್ಲ, ಸೀಳಿಲ್ಲ, ಸಾಲಿನ ಮೇಲೆ ಗುಂಡಗೆ ಕುಳಿತುಬಿಡುತ್ತದೆ. ಅದನ್ನು ಬಿಟ್ಟು ‘ಸ್ಟೋರ್ಸ್’ ಎಂದಿರೋ, ಒತ್ತಿನ ಮೇಲೆ ಒತ್ತು. ‘ಎಲೆಕ್ಟ್ರಿಕಲ್ಸ್’ ಎಂದಿರೋ, ‘ಕ’ದ ಕೆಳಗೆ ‘ಟ’, ಅದರ ಪಕ್ಕದಲ್ಲಿ ‘ರ’. ಫಲಕಕ್ಕೆ ಮಾಳಿಗೆಯ ಜೊತೆಗೆ ನೆಲಮಾಳಿಗೆಯೂ ಬೇಕಾಗುತ್ತದೆ. ಭಾಷಾಭಿಮಾನದ ಮಾತು ಒತ್ತಟ್ಟಿಗಿರಲಿ, ಬರಿಯ ಜಾಗದ ಲೆಕ್ಕದಿಂದ ನೋಡಿದರೂ ಕನ್ನಡದ ಶಬ್ದವೇ ಅಗ್ಗ.

ಅರುವತ್ತು ಪಾಲು, ನಲವತ್ತು ಪಾಲು

ಈ ಐದು ಊರುಗಳ ಇತಿಹಾಸ ವಾಚಕರಿಗೆ ಗೊತ್ತಿದ್ದದ್ದೇ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ರಾಯಬಾಗವಂತೂ ಅದಕ್ಕೂ ಮೊದಲು, 1949ರ ವಿಲೀನದವರೆಗೆ, ಕೊಲ್ಲಾಪುರ ಸಂಸ್ಥಾನದ್ದು. ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ; ಅಥವಾ ಮನೆಯದು ಮರಾಠಿ, ಕಚೇರಿಯದು ಕನ್ನಡ. ಒಂದೇ ಓಣಿಯಲ್ಲಿ ಎರಡೂ. ಚಿಂಚಲಿಯ ಮಾಯಕ್ಕನ ಜಾತ್ರೆಗೆ, ಮಂಗಸೂಳಿಯ ಖಂಡೋಬನ ದರ್ಶನಕ್ಕೆ ಬರುವ ಭಕ್ತರನ್ನು ಯಾವ ನಾಡಿನವರೆಂದು ಯಾರೂ ಕೇಳುವುದಿಲ್ಲ. ಆದರೆ ಫಲಕದ ಮಾತು ಬಂದಾಗ ಹಾಗಿಲ್ಲ. ಅಕ್ಷರ ಬರೆಯುವ ಮಸಿಯನ್ನೇ ಅಕ್ಷರದ ಮೇಲೆ ಬಳಿದ ದಿನಗಳನ್ನು ಗಡಿಸೀಮೆ ಕಂಡಿದೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ. 60ರಷ್ಟು ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು. ಉಳಿದ 40 ಭಾಗದಲ್ಲಿ ಬೇರೆ ಭಾಷೆ. ಕಾಯಿದೆ ಜಾಗವನ್ನು ಅಳೆಯಬಲ್ಲದು. ಅಕ್ಷರದ ಗುಣವನ್ನು ಅಳೆಯಲಾರದು. ಮೇಲಿನ ಅರುವತ್ತರಲ್ಲಿ ಒತ್ತಕ್ಷರಕ್ಕೆಂದು ಕೆಳಗೆ ಜಾಗ ಬಿಟ್ಟರೆ ಕನ್ನಡದ ಅಕ್ಷರದ ಮೈ ಕುಗ್ಗುತ್ತದೆ. ಕೆಳಗಿನ ನಲವತ್ತರಲ್ಲಿ ಒತ್ತಿನ ಗೊಡವೆಯಿಲ್ಲದ ಇಂಗ್ಲಿಷು ಪೂರ್ತಿ ಎತ್ತರಕ್ಕೆ ಚಾಚಿಕೊಳ್ಳುತ್ತದೆ. ಪಾಲು ಕನ್ನಡಕ್ಕೆ ಹೆಚ್ಚು ಬಂದಿದ್ದರೂ ಕಣ್ಣಿಗೆ ಮೊದಲು ಬೀಳುವುದು ಇನ್ನೊಂದೇ. ಇನ್ನು ಕೆಲವೆಡೆ ಅನ್ಯಭಾಷೆಯ ಸಾಲು ಹೊಸ ಶೈಲಿಯ ಚೆಲುವಾದ ಅಕ್ಷರದಲ್ಲಿದ್ದು, ಕನ್ನಡದ ಸಾಲು ಮಾತ್ರ ಗಣಕಯಂತ್ರದಲ್ಲಿ ಮೊದಲು ಕೈಗೆ ಸಿಕ್ಕ ಅಕ್ಷರದಲ್ಲಿ, ಹಿಗ್ಗಿಸಿ, ಜಗ್ಗಿಸಿ, ಕಾಯಿದೆಯ ಭಯಕ್ಕೆ ಬರೆದಂತೆ ಇರುತ್ತದೆ. ಅಂಥ ಫಲಕವನ್ನು ಕಂಡಾಗ, ನಿರ್ವಾಹವಿಲ್ಲದೆ ಕರೆದ ನೆಂಟನನ್ನು ಪಂಕ್ತಿಯ ತುದಿಗೆ ಕೂರಿಸಿದ ಹಾಗೆ ಮನಸ್ಸಿಗೆ ಬೇಸರವಾಗುತ್ತದೆ.

ಇಂಥಲ್ಲಿಯೇ ಅಣ್ಣತಮ್ಮ ಅಕ್ಷರಗಳ ಉಪಯೋಗ. ಕನ್ನಡದ ಸಾಲೂ ಮರಾಠಿಯ ಸಾಲೂ ಒಂದೇ ಕೈಯಿಂದ ಬಂದಂತಿದ್ದರೆ, ಮೇಲೆ ಯಾರು, ಕೆಳಗೆ ಯಾರು ಎಂಬುದು ನೋಡುವವನ ಹೊಟ್ಟೆಯನ್ನು ಅಷ್ಟಾಗಿ ಉರಿಸುವುದಿಲ್ಲ. ಮಿರಜದಿಂದ ಬರುವ ರೈಲುಮಾರ್ಗದಲ್ಲಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ ನಿಲ್ದಾಣಗಳ ಹಳದಿ ಕಲ್ಲಿನ ಮೇಲಿನ ಕಪ್ಪಕ್ಷರಗಳನ್ನು ಯಾರೂ ಜಗಳಕ್ಕೆಳೆಯುವುದಿಲ್ಲ. ಅಲ್ಲಿ ಮೂರು ಲಿಪಿಗಳಿಗೂ ಒಂದೇ ಬಣ್ಣ, ಒಂದೇ ಕುಂಚ, ಒಂದೇ ಗಾಂಭೀರ್ಯ.

ಕುಂಚದ ಕಾಲ

ಗಣಕಯಂತ್ರಕ್ಕೆ ಮುಂಚೆ ಈ ಕೆಲಸವನ್ನು ಬೋರ್ಡು ಬರೆಯುವ ಪೇಂಟರರು ಮಾಡುತ್ತಿದ್ದರು. ಸುಣ್ಣದ ಹುಡಿ ಹಚ್ಚಿದ ದಾರವನ್ನು ಮಿಡಿದು ಸಾಲು ಎಳೆದುಕೊಂಡು, ಸೀಮೆಸುಣ್ಣದಿಂದ ಅಕ್ಷರದ ಮೈಯನ್ನು ಗುರುತು ಹಾಕಿ, ಎಣ್ಣೆಬಣ್ಣ ತುಂಬಿ, ಬಲಗಡೆಗೊಂದು ನೆರಳು ಬಿಡಿಸಿದರೆ ಅಕ್ಷರ ತಗಡಿನಿಂದ ಎದ್ದು ಬರುತ್ತಿತ್ತು. ಗಡಿಯೂರಿನ ಪೇಂಟರನಿಗೆ ಎರಡು ಲಿಪಿಯೂ ಬರಲೇಬೇಕು. ಬರದಿದ್ದರೆ ಅರ್ಧ ಊರಿನ ಕೆಲಸ ತಪ್ಪುತ್ತಿತ್ತು. ಒಂದೇ ಕುಂಚ, ಒಂದೇ ತೋಳು. ಆದುದರಿಂದ ಅವನ ಕನ್ನಡವೂ ಮರಾಠಿಯೂ ತಾವಾಗಿಯೇ ಅಣ್ಣತಮ್ಮಂದಿರಾಗಿರುತ್ತಿದ್ದವು. ಮುಂಬಯಿಯ ಬಳಗ ಬುದ್ಧಿಪೂರ್ವಕವಾಗಿ ಸಾಧಿಸಿದ್ದನ್ನು ಚಿಕ್ಕೋಡಿಯ ಪೇಟೆಯ ಕುಂಚ ಹೊಟ್ಟೆಪಾಡಿಗಾಗಿ ಸಾಧಿಸಿತ್ತು.

ಮುದ್ರಣದಲ್ಲಿಯೂ ದೊಡ್ಡಕ್ಷರದ್ದು ಬೇರೆಯೇ ಸಂಸಾರ. ಸೀಸದ ಮೊಳೆಗಳು ಒಂದು ಅಳತೆಯನ್ನು ಮೀರಿದರೆ ಭಾರವಾಗುತ್ತವೆ. ಆದುದರಿಂದ ನಾಟಕದ ಹಸ್ತಪತ್ರ, ಗೋಡೆಯ ಭಿತ್ತಿಪತ್ರಗಳ ದೊಡ್ಡ ಅಕ್ಷರಗಳನ್ನು ಮರದಲ್ಲಿ ಕೊರೆಯುತ್ತಿದ್ದರು. ನಿಪ್ಪಾಣಿ ತಂಬಾಕಿನ ಪೇಟೆ, ಬೀಡಿಯ ಊರು. ಬೀಡಿಯ ಕಟ್ಟಿನ ಮೇಲಿನ ಅಂಗೈಯಗಲದ ತೆಳು ಕಾಗದವೇ ಅಕ್ಷರಗಳಿಗೆ ಒಂದು ಪಾಠಶಾಲೆ. ಓದು ಬಾರದವನೂ ತನ್ನ ಬೀಡಿಯನ್ನು ಗುರುತಿಸಬೇಕು. ಕಾಗದ ಅಗ್ಗದ್ದಾದುದರಿಂದ ಮಸಿ ಹರಡುತ್ತದೆ. ಹರಡಿದರೆ ಅಕ್ಷರದ ಹೊಟ್ಟೆ ತುಂಬುತ್ತದೆ. ಈಗ ಅಲ್ಲಿ ಇನ್ನೊಂದು ಇಕ್ಕಟ್ಟು. 2016ರ ಏಪ್ರಿಲ್‌ನಿಂದ ತಂಬಾಕಿನ ಪೊಟ್ಟಣದ ಮುಖದ ಶೇ. 85 ಭಾಗ ಎಚ್ಚರಿಕೆಯ ಚಿತ್ರಕ್ಕೆ ಮೀಸಲು. ಅಷ್ಟು ದೊಡ್ಡ ಎಚ್ಚರಿಕೆ ನ್ಯಾಯವಾದುದೇ, ಅದರಲ್ಲಿ ಎರಡು ಮಾತಿಲ್ಲ. ಉಳಿದ ಹದಿನೈದರಲ್ಲಿ ಹೆಸರು ಬದುಕಬೇಕು.

ಅಥಣಿಯ ಚರ್ಮದ ಕೆಲಸದವರದು ಇದಕ್ಕಿಂತ ಸಂತೋಷದ ಕಥೆ. ಅವರು ಹೊಲಿಯುವ ಚಪ್ಪಲಿ ಜಗತ್ತಿಗೆಲ್ಲ ‘ಕೊಲ್ಲಾಪುರಿ’ ಎಂದೇ ಪರಿಚಿತ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು, ಬೆಳಗಾವಿ ಅವುಗಳಲ್ಲೊಂದು. ಎರಡೂ ಕಡೆಯವರಿಗೆ ಸೇರಿದ ಇಂಥ ಸಾಮಾನಿನ ಡಬ್ಬಿಯ ಮೇಲೆ ಎರಡು ಲಿಪಿಯ ಒಂದೇ ಮೈಕಟ್ಟಿನ ಅಕ್ಷರ ಎಷ್ಟು ಚೆನ್ನಾಗಿ ಒಪ್ಪೀತು!

ಎಲ್ಲಿ ನಗಬಾರದು

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಈ ಅಕ್ಷರದ ಮುಖದಲ್ಲಿ ಯಾವಾಗಲೂ ನಗು. ಮಿಠಾಯಿಗೆ, ಆಟಿಕೆಗೆ, ಬಾಲವಾಡಿಗೆ, ಮಕ್ಕಳ ಓದಿನ ಪಟಕ್ಕೆ ಅದು ಶೋಭೆ. ಆದರೆ ನಮ್ಮ ಊರುಗಳ ವೃತ್ತಗಳಲ್ಲಿ ನಿಲ್ಲಿಸುವ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸುಗಳನ್ನು ನೋಡಿ. ನಿನ್ನೆ ಹುಟ್ಟುಹಬ್ಬಕ್ಕೆ ಬಳಸಿದ ಅಕ್ಷರವೇ ಇಂದು ಸಾವಿಗೂ. ತೀರಿಕೊಂಡವರ ಭಾವಚಿತ್ರದ ಕೆಳಗೆ ಪುಗ್ಗೆಗಳಂತೆ ಉಬ್ಬಿದ ಅಕ್ಷರಗಳು ಕುಣಿಯುತ್ತಿದ್ದರೆ ಸತ್ತವರಿಗೂ ಮುಜುಗರವಾದೀತು. ಅಲ್ಲದೆ ಆ ಎರಡು ಶಬ್ದಗಳು ದಪ್ಪಕ್ಷರದ ಪಾಲಿಗೆ ಉರುಲು ಇದ್ದಂತೆ: ‘ಭ’ದ ಸೀಳು, ‘ರ್ಣ’ದ ಅರ್ಕಾವೊತ್ತು, ‘ಶ್ರ’ದ ಒತ್ತು, ‘ದ್ಧ’ದಲ್ಲಿ ‘ದ’ದ ಕೆಳಗೆ ಮತ್ತೆ ಸೀಳಿರುವ ‘ಧ’. ಇಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಸೀಳುಗಳು ಉಳಿದುಬರುವುದು ಅಪರೂಪ.

ಉದ್ದವಾದ ಬರಹಕ್ಕೂ ಇದು ಸಲ್ಲದು. ಹತ್ತು ಸಾಲು ಓದುವುದರೊಳಗೆ, ಹಬ್ಬದಲ್ಲಿ ಹತ್ತು ಹೋಳಿಗೆ ಉಂಡವರಂತೆ ಕಣ್ಣು ಭಾರವಾಗುತ್ತದೆ. ಔಷಧದ ಚೀಟಿ, ಕೋರ್ಟಿನ ನೋಟೀಸು, ಬಸ್ಸಿನ ವೇಳಾಪಟ್ಟಿ, ಇವುಗಳಲ್ಲಿ ಜನರಿಗೆ ಬೇಕಾದದ್ದು ಸ್ಪಷ್ಟತೆ, ಮುದ್ದಲ್ಲ. ಹೆಸರು ಬರೆಯಿರಿ, ಎರಡು ಶಬ್ದ ಬರೆಯಿರಿ, ಮೂರಾದರೂ ಆಗಲಿ. ಅದರಾಚೆಗೆ ತಮ್ಮನನ್ನು ಮನೆಗೆ ಕಳಿಸಿ ಸಾಧಾರಣ ಮೈಕಟ್ಟಿನ ಅಣ್ಣನನ್ನು ಕರೆಯಬೇಕು.

ಅಂಚು ಹಾಕುವ ಚಟವನ್ನಂತೂ ಬಿಡಲೇಬೇಕು. ಬಲ್ಲವರು ಎಷ್ಟೋ ದಿನ ಕುಳಿತು, ಅಕ್ಷರದ ಹೊಟ್ಟೆಯಲ್ಲಿ ಎಷ್ಟು ಬಯಲು ಉಳಿಯಬೇಕೆಂದು ಅಳೆದು ಬರೆದಿರುತ್ತಾರೆ. ಫ್ಲೆಕ್ಸಿನ ಅಂಗಡಿಯಲ್ಲಿ ಅದಕ್ಕೆ ಒಂದು ಬಿಳಿಯ ಅಂಚು, ಅದರಾಚೆ ಒಂದು ಕರಿಯ ಅಂಚು ಸೇರಿಸಿದರೆ ಆ ಲೆಕ್ಕವೆಲ್ಲ ಒಂದು ಕ್ಷಣದಲ್ಲಿ ಮಣ್ಣುಪಾಲು.

ಆ ದೀಪಾವಳಿಯ ಸಂಜೆಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಫಲಕವನ್ನು ಹಿಂದಿರುಗಿಸಿ ಹೊಸದನ್ನು ತರಲು ಸಮಯವಿರಲಿಲ್ಲ, ಪೂಜೆಗೆ ಇನ್ನೆರಡೇ ತಾಸು. ಭಾವನವರಿಗೆ ಮಗಳ ಮೇಲೆ ಸಿಟ್ಟು ಮಾಡಬೇಕೋ ತಮ್ಮ ಮೇಲೆಯೇ ಮಾಡಿಕೊಳ್ಳಬೇಕೋ ತಿಳಿಯದಾಗಿತ್ತು. ಅಷ್ಟರಲ್ಲಿ ಅಕ್ಕ, ಎದುರು ಮನೆಯ ಕಬ್ಬಿನ ಟ್ರಾಲಿಗೆ ‘ಶ್ರೀ ಮಾಯಕ್ಕಾದೇವಿ ಪ್ರಸನ್ನ’ ಎಂದು ಬರೆಯಲು ಬಂದಿದ್ದ ಪೇಂಟರ ಕಾಕಾನನ್ನು ಕೂಗಿ ಕರೆದಳು. ಅರುವತ್ತು ದಾಟಿದ ಆತ ಬಂದು, ಕೆಳಗೆ ನಿಂತು ಓದಿ, ಏನೂ ಹೇಳದೆ ಹಳದಿಯ ಡಬ್ಬಿಯನ್ನೂ ಎಳ್ಳಿನ ತುದಿಯಂಥ ಒಂದು ಕುಂಚವನ್ನೂ ತಂದ. ಸ್ಟೂಲು ಹತ್ತಿ, ಉಸಿರು ಬಿಗಿಹಿಡಿದು, ‘ದ’ದ ಬುಡದಲ್ಲಿ ಬಿಳಿಯ ಅಂಚನ್ನೂ ಕೆಂಪನ್ನೂ ದಾಟುವ ಹಾಗೆ ಹಳದಿಯ ಒಂದು ಸಣ್ಣ ಗೆರೆ ಎಳೆದ.

“ಓದವಾ ಈಗ,” ಎಂದ ಹುಡುಗಿಗೆ.

“ಧನಲಕ್ಷ್ಮೀ,” ಎಂದಳು ಅವಳು, ‘ಧ’ದ ಮೇಲೆ ಬೇಕಾದುದಕ್ಕಿಂತ ಹೆಚ್ಚೇ ಉಸಿರು ಹಾಕಿ. ನೆರೆಮನೆಯ ಹುಡುಗಿಯೂ ಮೇಲಿನ ಸಾಲಿನ ಮೇಲೆ ಬೆರಳಾಡಿಸಿ, ತಡೆತಡೆದು, ಅದನ್ನೇ ಓದಿದಳು.

ಭಾವನವರು ಗಲ್ಲೆಯಿಂದ ರೊಕ್ಕ ತೆಗೆದರೆ ಕಾಕಾ ಮುಟ್ಟಲಿಲ್ಲ. “ಒಂದ ಗೆರಿಗೆ ಏನ ರೊಕ್ಕಾ ತಗೋಳ್ಳಿ ಸಾವಕಾರ್ರ, ಚಾ ಹಾಕಸ್ರಿ,” ಎಂದ. ಚಹಾ ಕುಡಿದು, ಕುಂಚವನ್ನು ಬಟ್ಟೆಗೆ ಒರೆಸಿಕೊಂಡು, ಬೆಳಕಿರುವಷ್ಟರಲ್ಲಿ ‘ಪ್ರಸನ್ನ’ದ ಒತ್ತುಗಳನ್ನು ಮುಗಿಸಬೇಕೆಂದು ಟ್ರಾಲಿಯ ಕಡೆಗೆ ನಡೆದ.